ಶ್ರೀಧರನ್ ಸೋತದ್ದಕ್ಕೆ ಜನರಿಗೆ ಯಾಕೆ ಬೈತೀರಿ?

ನಿನ್ನೆ ಊರಿಂದ ವಾಪಸು ಬರುವಾಗ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಎದುರು ಸೀಟಿಗೆ ಒಬ್ಬರು ಹಿರಿಯರು ಸಿಕ್ಕರು. ಹೊನ್ನಾವರದಲ್ಲಿ ರೈಲು ಶರಾವತಿ ಸೇತುವೆ ಹತ್ತಿತು. ಗೊತ್ತಲ್ಲ, ಎರಡು ಕಿಲೋಮೀಟರಿಗೂ ಜಾಸ್ತಿ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಎಷ್ಟು ಸಲ ದಾಟಿದರೂ ನಾನು ಮೊಬೈಲು ಬದಿಗಿಟ್ಟು ಕಿಟಕಿಗೆ ಅಂಟಿಕೊಳ್ಳುವ ಜಾಗ ಅದು. ಆಗಲೇ ಅವರು ಶುರು ಮಾಡಿದರು. "ಇಂಥದ್ದು ಕಟ್ಟಿದ ಶ್ರೀಧರನ್ ಅವರನ್ನೇ ಸೋಲಿಸಿದ್ರಲ್ಲ ತಮ್ಮಾ. ನಮ್ಮ ಜನಕ್ಕೆ ಬುದ್ಧಿ ಇಲ್ಲ. ಬರೀ ಇಂಜಿನಿಯರ್‌ಗಳನ್ನ ಆರಿಸಿ ಕಳಿಸಿದ್ರೆ ದೇಶ ಒಂದೇ ವರ್ಷದಲ್ಲಿ ಸರಿಯಾಗ್ತದೆ."

ಭಟ್ಕಳ ದಾಟುವ ತನಕ ಇದೇ ರಾಗ. ಸುತ್ತ ಕೂತವರೆಲ್ಲ ಹೌದೌದು ಅಂದರು. ನಾನು ಸುಮ್ನೆ ಕೂತೆ. ಹಿರಿಯರ ಹತ್ತಿರ ವಾದ ಯಾಕೆ ಅಂತ. ಆ ಸಿಟ್ಟೆಲ್ಲ ಈಗ ನಿಮ್ಮ ಮೇಲೆ ಬರ್ತಿದೆ, ಸಹಿಸಿಕೊಳ್ಳಿ.

ಮೊದಲು ಒಂದು ಮಾತು. ಇ. ಶ್ರೀಧರನ್ ಬಗ್ಗೆ ನನಗೆ ಎಷ್ಟು ಭಕ್ತಿ ಅಂತ ನನ್ನ ಜೊತೆ ಸಿವಿಲ್ ಓದಿದವರಿಗೆ ಗೊತ್ತು. 1964ರ ಡಿಸೆಂಬರ್‌ನಲ್ಲಿ ಚಂಡಮಾರುತ ಬಂದು ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆ ಕೊಚ್ಚಿಹೋಯಿತು. ರೈಲ್ವೆ ಆರು ತಿಂಗಳ ಗಡುವು ಇಟ್ಟಿತು. ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಈ ಮನುಷ್ಯ, ಆಗ ಮೂವತ್ತೆರಡರ ಹುಡುಗ, 46 ದಿನದಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ಸಮುದ್ರಕ್ಕೆ ಬಿದ್ದಿದ್ದ ಗರ್ಡರ್‌ಗಳನ್ನು ಹುಡುಕಿ, ಎತ್ತಿ, ಮತ್ತೆ ಕೂರಿಸಿ! ಸೈಟಿನಲ್ಲಿ ಒಂದು ಸ್ಲ್ಯಾಬ್ ಹಾಕಿಸಲು ಪಟ್ಟ ಪಾಡು ನೆನಪಿರುವವರಿಗೆ 46 ದಿನ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಕೊಂಕಣ ರೈಲ್ವೆ, ದೆಹಲಿ ಮೆಟ್ರೋ. ಅವರ ಆಫೀಸುಗಳಲ್ಲಿ ಉಲ್ಟಾ ಗಡಿಯಾರ ಇರುತ್ತಿತ್ತು. ಕೆಲಸ ಮುಗಿಯಲು ಇನ್ನೆಷ್ಟು ದಿನ ಉಳಿದಿದೆ ಅಂತ ದಿನಾ ತೋರಿಸುವ ಗಡಿಯಾರ.

ಇಂಥವರು 2021ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ, ಬಿಜೆಪಿ ಸೇರಿ ಕೇರಳದ ಪಾಲಕ್ಕಾಡ್‌ನಿಂದ ವಿಧಾನಸಭೆಗೆ ನಿಂತರು. ಮುಖ್ಯಮಂತ್ರಿ ಆಗಲೂ ರೆಡಿ ಅಂದರು. ಮೇ 2ರಂದು ಫಲಿತಾಂಶ ಬಂತು. ಕಾಂಗ್ರೆಸ್ಸಿನ ಶಾಫಿ ಪರಂಬಿಲ್ ಎದುರು 3,859 ಓಟಿನಲ್ಲಿ ಸೋತರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಕ್ರಿಯ ರಾಜಕೀಯ ಸಾಕು ಅಂದರು.

ಇದರಲ್ಲಿ ಜನರ ತಪ್ಪು ಎಲ್ಲಿದೆ ಸ್ವಾಮಿ? ಅವರಿಗೆ ಬಿದ್ದದ್ದು 50,220 ಓಟು. ಹಿಂದಿನ ಚುನಾವಣೆಯಲ್ಲಿ ಅದೇ ಶಾಫಿ ಅದೇ ಕ್ಷೇತ್ರದಲ್ಲಿ 17 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದರು. ಮೊದಲ ಸಲ ನಿಂತ, 88 ವರ್ಷದ, ಎರಡು ತಿಂಗಳ ಹಿಂದಷ್ಟೇ ಪಕ್ಷ ಸೇರಿದ ಮನುಷ್ಯನಿಗೆ 50 ಸಾವಿರ ಜನ ಓಟು ಹಾಕಿದ್ದಾರೆ. ಇದಕ್ಕೆ ಅವಮಾನ ಅಂತೀರಾ? ಎದುರಿದ್ದವನು ಅಲ್ಲಿ ಹತ್ತು ವರ್ಷದಿಂದ ಎಮ್ಮೆಲ್ಲೆ. ಮದುವೆ, ಮುಂಜಿ, ಆಸ್ಪತ್ರೆ, ಸ್ಟೇಷನ್ನು ಅಂತ ಎಮ್ಮೆಲ್ಲೆಗಳು ಓಡಾಡೋದು ಸುಮ್ನೆ ಅಂದ್ಕೊಂಡ್ರಾ?

ಓಟು ಅಂದ್ರೆ ಸನ್ಮಾನದ ಶಾಲು ಅಲ್ಲ, ದೊಡ್ಡ ಸಾಧನೆ ಮಾಡಿದವರಿಗೆಲ್ಲ ಹೊದಿಸೋಕೆ. ಪದ್ಮಶ್ರೀ, ಪದ್ಮವಿಭೂಷಣ ಎರಡೂ ಅವರಿಗೆ ಸಿಕ್ಕಿವೆ, ಸಿಗಲೇಬೇಕಿತ್ತು. ಆದರೆ ಎಮ್ಮೆಲ್ಲೆ ಸೀಟು ಮೂರನೇ ಪದ್ಮ ಪ್ರಶಸ್ತಿ ಅಲ್ಲವಲ್ಲ.

"ಹಾಗಾದ್ರೆ ಓದಿದವರು ರಾಜಕೀಯಕ್ಕೆ ಬರಲೇಬಾರದಾ?" ಅಂತ ಒಬ್ಬರಾದರೂ ಕೇಳ್ತೀರಿ. ಬರಲಿ ಮಾರಾಯ್ರೆ, ಯಾರು ಬೇಡ ಅಂದರು? ನಿತೀಶ್ ಕುಮಾರ್ ಪಾಟ್ನಾದಲ್ಲಿ ಎಲೆಕ್ಟ್ರಿಕಲ್ ಓದಿದವರು. 1977ರಲ್ಲಿ ಸೋತರು, 1980ರಲ್ಲಿ ಸೋತರು, ಗೆದ್ದಿದ್ದು 1985ರಲ್ಲಿ. ಮನೋಹರ ಪರಿಕ್ಕರ್ ಬಾಂಬೆ ಐಐಟಿಯಲ್ಲಿ ಮೆಟಲರ್ಜಿ ಓದಿದವರು. ಆದರೆ ಪಣಜಿಯವರು ಅವರನ್ನು ಆರಿಸಿದ್ದು ಡಿಗ್ರಿ ನೋಡಿ ಅಲ್ಲ, ಮೊದಲಿಂದಲೂ ಸಂಘಟನೆಯಲ್ಲಿ ಬೆವರು ಹರಿಸಿದವರು ಅವರು. ಅಷ್ಟು ದೂರ ಯಾಕೆ, ನಮ್ಮ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಮುಗಿಸಿದವರಲ್ವಾ? ಶ್ರೀಧರನ್ ಸೋತ ವರ್ಷವೇ ನಮಗೆ ಇಂಜಿನಿಯರ್ ಮುಖ್ಯಮಂತ್ರಿ ಸಿಕ್ಕಿದರು. ದೇಶ ಬಿಡಿ, ಬೆಂಗಳೂರಿನ ಗುಂಡಿಗಳಾದರೂ ಒಂದು ವರ್ಷದಲ್ಲಿ ಮುಚ್ಚಿದವಾ? ಅದು ಅವರೊಬ್ಬರ ತಪ್ಪು ಅಂತ ಹೇಳ್ತಿಲ್ಲ. ಡಿಗ್ರಿಗೂ ಗುಂಡಿಗೂ ಸಂಬಂಧ ಇಲ್ಲ ಅಂತ ಅಷ್ಟೇ.

ನನಗೆ ನಿಜಕ್ಕೂ ಉರಿಯೋದು ಇನ್ನೊಂದಕ್ಕೆ. ಆ ಶರಾವತಿ ಸೇತುವೆ ಶ್ರೀಧರನ್ ಅವರದ್ದು, ಸರಿ. ಅದನ್ನು ಕಟ್ಟು ಅಂತ ಹೇಳಿದವರು ಯಾರು? 1990ರಲ್ಲಿ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್. ಮಂಗಳೂರಿನವರು. ಪಾದ್ರಿಯಾಗಲು ಸೇರಿದ ಸೆಮಿನರಿಯನ್ನೂ ಅರ್ಧಕ್ಕೆ ಬಿಟ್ಟು, ಮುಂಬೈಗೆ ಹೋಗಿ ಚೌಪಾಟಿಯಲ್ಲಿ ಮಲಗಿದವರು. ಹಣಕಾಸು ಮಂತ್ರಿ ಮಧು ದಂಡವತೆ, ಕೊಂಕಣದ ರಾಜಾಪುರದ ಎಂಪಿ. ಯೋಜನಾ ಆಯೋಗದಲ್ಲಿ ಉಪಾಧ್ಯಕ್ಷರು ನಮ್ಮ ಜಿಲ್ಲೆಯವರೇ ಆದ ರಾಮಕೃಷ್ಣ ಹೆಗಡೆ. ಮೂವರಲ್ಲಿ ಒಬ್ಬರೂ ಇಂಜಿನಿಯರ್ ಅಲ್ಲ! ಕರಾವಳಿಗೆ ರೈಲು ಬೇಕು ಅಂತ ದಶಕಗಟ್ಟಲೆ ಬರೀ ಮನವಿ ಕೊಡ್ತಿದ್ದೆವು. ರೈಲ್ವೆ ಬಜೆಟ್ಟಿಗೆ ಕಾಯೋದು ಬೇಡ, ಪ್ರತ್ಯೇಕ ನಿಗಮ ಮಾಡೋಣ, ನಾಲ್ಕು ರಾಜ್ಯಗಳೂ ಪಾಲು ಹಾಕಲಿ ಅಂತ ದಾರಿ ತೆಗೆದವರು ಇವರು. ಕರ್ನಾಟಕದ ಪಾಲು 15 ಪರ್ಸೆಂಟ್. ಆಗಷ್ಟೇ ರಿಟೈರ್ ಆಗಿದ್ದ ಶ್ರೀಧರನ್ ಅವರನ್ನು ಕರೆದು ಕೂರಿಸಿದ್ದೂ ಈ 'ಓದದ' ಜಾರ್ಜ್. ಹಿರಿಯರ ಬಾಯಲ್ಲಿ ಆ ಹೆಸರು ಒಮ್ಮೆಯೂ ಬರಲಿಲ್ಲ. ಅದೂ ಅದೇ ಹಳಿ ಮೇಲೆ ಕೂತು!

ಸೇತುವೆಗೆ ಡ್ರಾಯಿಂಗ್ ಇರುತ್ತದೆ. ಯಾರ ಜಮೀನು ಹೋಗಬೇಕು, ಯಾರ ಊರಿನ ಪಕ್ಕ ಹೋಗಬೇಕು ಅನ್ನುವುದಕ್ಕೆ ಡ್ರಾಯಿಂಗ್ ಇರುವುದಿಲ್ಲ. ಗೋವಾದಲ್ಲಿ ಮಾರ್ಗದ ವಿಷಯಕ್ಕೆ ಜಗಳವಾಗಿ ಕೆಲಸವೇ ನಿಂತಿತ್ತು, ಮರೆತಿರಾ?

ನನ್ನದೇ ಕಥೆ ಹೇಳ್ತೀನಿ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆಗಿದ್ದೆ ನಾನು. 'ಇಂಜಿನಿಯರ್ ಇದ್ದಾರೆ, ಎಲ್ಲ ಸರಿ ಮಾಡ್ತಾರೆ' ಅಂತ ಕೂರಿಸಿದರು. ಟ್ಯಾಂಕರ್ ನೀರಿನ ಖರ್ಚು ಹಂಚೋಕೆ ಚೆಂದದ ಎಕ್ಸೆಲ್ ಶೀಟ್ ಮಾಡಿದೆ, ಫಾರ್ಮುಲಾ ಸಮೇತ. ಮೀಟಿಂಗ್‌ನಲ್ಲಿ ಮೂರನೇ ಮಹಡಿಯ ಅಜ್ಜಿ, "ನಾವಿಬ್ಬರೇ ಇರೋದು, ಐದು ಜನ ಇರೋ ಮನೆಯಷ್ಟೇ ಯಾಕೆ ಕೊಡಬೇಕಪ್ಪಾ?" ಅಂದರು. ಬಾಡಿಗೆಯವರು ಓನರ್ ಕೊಡಲಿ ಅಂದರು. ಓನರ್‌ಗಳು ಫೋನೇ ಎತ್ತಲಿಲ್ಲ. ನನಗೆ ತಲೆ ಕೆಟ್ಟು ರಾಜೀನಾಮೆ ಕೊಟ್ಟೆ. ನನ್ನ ನಂತರ ಬಂದವರು ಸೀರೆ ಅಂಗಡಿಯವರು. ಎಲ್ಲರ ಮನೆಗೂ ಹೋಗಿ ಟೀ ಕುಡಿದು ಒಪ್ಪಿಸಿದರು. ಎಕ್ಸೆಲ್ ನನ್ನದೇ, ಅದು ಬೇರೆ ಮಾತು.

ಇನ್ನೊಂದು ತಮಾಷೆ ಕೇಳಿ. ಪಾಲಕ್ಕಾಡ್‌ನಲ್ಲಿ ಶ್ರೀಧರನ್ ಅವರ ಶಾಲೆಯ ಸಹಪಾಠಿ ಟಿ.ಎನ್. ಶೇಷನ್. ಚುನಾವಣಾ ಆಯುಕ್ತರಾಗಿ ಎಲ್ಲ ಪಕ್ಷಗಳ ನೀರಿಳಿಸಿದವರು. ಅವರೂ 1997ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತರು, 1999ರಲ್ಲಿ ಗಾಂಧಿನಗರದಲ್ಲಿ ಅಡ್ವಾಣಿ ಎದುರು ಸೋತರು. ರಾಷ್ಟ್ರಪತಿ ಚುನಾವಣೆಯಲ್ಲಿ ಓಟು ಹಾಕಿದವರು ಎಂಪಿ, ಎಮ್ಮೆಲ್ಲೆಗಳು. ಅಲ್ಲಿ ಯಾವ 'ಬುದ್ಧಿ ಇಲ್ಲದ ಜನ'ಕ್ಕೆ ಬೈತೀರಿ?

ಕಾಮೆಂಟ್‌ನಲ್ಲಿ ವಿಶ್ವೇಶ್ವರಯ್ಯ ಅವರನ್ನು ಎಳೆದು ತರುವವರಿಗೆ ಈಗಲೇ ಹೇಳ್ತೀನಿ. ಅವರು 1912ರಿಂದ 1918ರ ತನಕ ದಿವಾನರು. ನೇಮಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, ಯಾರೂ ಅವರಿಗೆ ಬೂತಿಗೆ ಹೋಗಿ ಓಟು ಹಾಕಿಲ್ಲ. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡುವ ಪ್ರಶ್ನೆ ಎದ್ದಾಗ, ಅದನ್ನು ಒಪ್ಪದೆ ಹುದ್ದೆ ಬಿಟ್ಟರು. ಕನ್ನಂಬಾಡಿ ಕಟ್ಟಿಸಿದವರಿಗೂ ಆ ಲೆಕ್ಕ ಹೊಂದಲಿಲ್ಲ.