ಕಾನ್ಫರೆನ್ಸ್‌ಗೆ ಹೊರಡುವಾಗ ಲೈಟ್ ಕ್ಯೂರನ್ನೂ ಬ್ಯಾಗಿಗೆ ಹಾಕಿಕೊಳ್ಳಿ

ಡೆಂಟಲ್ ಕಾನ್ಫರೆನ್ಸ್ ಅಂದರೆ ಮೂರು ದಿನ ಕ್ಲಿನಿಕ್ ಬಾಗಿಲು ಹಾಕಬೇಕು. ರಿಜಿಸ್ಟ್ರೇಷನ್, ಬಸ್ಸು, ಹೋಟೆಲಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಆ ಮೂರು ದಿನದ ದುಡಿಮೆ, ಅಸಿಸ್ಟೆಂಟ್ ಸಂಬಳ, ಡೆಂಟಲ್ ಚೇರಿನ ಇಎಂಐ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಷ್ಟು ಸುರಿದು ಬಹಳ ಮಂದಿ ಮನೆಗೆ ತರುವುದು ಒಂದು ಬ್ಯಾಗು, ಸಿಡಿಇ (ದಂತವೈದ್ಯರ ಮುಂದುವರಿದ ಶಿಕ್ಷಣ) ಪಾಯಿಂಟು, ಆಮೇಲೆ ಡ್ರಾಯರಿನಲ್ಲೇ ಎಕ್ಸ್‌ಪೈರ್ ಆಗುವ ನಾಲ್ಕು ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್ ರೆಸಿನ್) ಸಿರಿಂಜು.

ಹೊರಡುವ ಹಿಂದಿನ ವಾರ ರಿಜಿಸ್ಟರ್ ತೆಗೆದು ಕಳೆದ ಮೂರು ತಿಂಗಳಲ್ಲಿ ದುಡ್ಡು ತಗೊಳ್ಳದೆ ಮತ್ತೆ ಮಾಡಿಕೊಟ್ಟ ಕೆಲಸಗಳನ್ನಷ್ಟೇ ಒಂದು ಹಾಳೆಗೆ ಬರೆಯಿರಿ. ಕಿತ್ತು ಬಂದ ಫಿಲ್ಲಿಂಗ್, ಲ್ಯಾಬಿಗೆ ವಾಪಸ್ ಹೋದ ಕ್ರೌನ್ (ಹಲ್ಲಿನ ಕ್ಯಾಪ್), ಆರ್‌ಸಿಟಿ (ಬೇರಿನ ನಾಳದ ಚಿಕಿತ್ಸೆ) ಆದಮೇಲೂ ನೋವು ಅಂತ ಬಂದವರು. ಯಾವ ಲೆಕ್ಚರಿಗೆ ಕೂರಬೇಕು, ಯಾವುದನ್ನು ಬಿಟ್ಟು ಕಾಫಿಗೆ ಹೋಗಬೇಕು ಅನ್ನೋದನ್ನ ಆ ಹಾಳೆಯೇ ಹೇಳುತ್ತದೆ. ದಿನಕ್ಕೆ ಎಂಟು ಫಿಲ್ಲಿಂಗ್ ಮಾಡುವವರು ಜೈಗೋಮ್ಯಾಟಿಕ್ ಇಂಪ್ಲಾಂಟ್ (ಕೆನ್ನೆಯ ಮೂಳೆಗೆ ಕೂರಿಸುವ ಇಂಪ್ಲಾಂಟ್) ಭಾಷಣಕ್ಕೆ ಮುಂದಿನ ಸಾಲಿನಲ್ಲಿ ಕೂತರೆ ಅದು ಸಿನಿಮಾ ನೋಡಿದ ಹಾಗೆ, ಅಷ್ಟೇ.

ಹಾಳೆಯಲ್ಲಿ ಹಿಂದಿನ ಹಲ್ಲಿನ ಕಾಂಪೋಸಿಟ್‌ಗಳೇ ಹೆಚ್ಚಿವೆ ಅಂದುಕೊಳ್ಳಿ. ಹೊಸ ಬಾಂಡಿಂಗ್ ಏಜೆಂಟ್ (ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ದ್ರವ) ಕೊಳ್ಳುವ ಮುಂಚೆ ನಿಮ್ಮ ಲೈಟ್ ಕ್ಯೂರನ್ನೇ, ಅಂದರೆ ಕಾಂಪೋಸಿಟನ್ನು ಗಟ್ಟಿ ಮಾಡುವ ನೀಲಿ ಬೆಳಕಿನ ಲ್ಯಾಂಪನ್ನೇ, ಜೊತೆಗೆ ಒಯ್ಯಿರಿ. ಲ್ಯಾಂಪ್ ಮಾರುವ ಸ್ಟಾಲಿನಲ್ಲಿ ಸಾಮಾನ್ಯವಾಗಿ ಬೆಳಕಿನ ತೀವ್ರತೆ ಅಳೆಯುವ ರೇಡಿಯೋಮೀಟರ್ ಇರುತ್ತದೆ. ಅದರ ಮೇಲೆ ಇಟ್ಟು ನೋಡಿ. ಬಾಕ್ಸ್ ಮೇಲೆ ಚದರ ಸೆಂಟಿಮೀಟರಿಗೆ 1000 ಮಿಲಿವ್ಯಾಟ್ ಅಂತ ಬರೆದಿದ್ದರೂ ಮೀಟರು 400 ತೋರಿಸಬಹುದು. ಹಾಗಾದರೆ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿನ ಅಂಚಿಗೆ ಗಟ್ಟಿಯಾದ ರೆಸಿನ್ ಹಳದಿ ಚುಕ್ಕೆಯಾಗಿ ಅಂಟಿರುತ್ತದೆ, ಇಲ್ಲವೇ ಪ್ಲಾಸ್ಟಿಕ್ ಕವರಿನ ಹೊಲಿಗೆ ಸರಿಯಾಗಿ ತುದಿಗೆ ಅಡ್ಡ ಬಂದಿರುತ್ತದೆ. ಕೆರೆದು, ಒರೆಸಿ, ಮತ್ತೆ ಅಳೆಯಿರಿ. ಆಗಲೂ 400 ಇದ್ದರೆ 20 ಸೆಕೆಂಡಿನ ಕೆಲಸಕ್ಕೆ 50 ಸೆಕೆಂಡಾದರೂ ಬೇಕು, ಮಧ್ಯೆ ಗಾಳಿ ಬಿಟ್ಟು ಹಲ್ಲು ಕಾಯದಂತೆ ನೋಡಿಕೊಳ್ಳಬೇಕು. ಕೈಯಲ್ಲಿ ಹಿಡಿಯುವ ಮೀಟರುಗಳ ಅಂಕಿ ಪಕ್ಕಾ ಅಲ್ಲ, ಆದರೆ ಒಂದೇ ಮೀಟರಿನಲ್ಲಿ ಒಂದೇ ಲ್ಯಾಂಪನ್ನು ಆಗಾಗ ನೋಡಿದರೆ ಇಳಿತ ಗೊತ್ತಾಗುತ್ತದೆ. ಕ್ಲಾಸ್ 2 ಬಾಕ್ಸಿನ (ಹಿಂದಿನ ಎರಡು ಹಲ್ಲುಗಳ ಸಂದಿಯಲ್ಲಿ ಕೊರೆದ ಗುಳಿಯ) ತಳ ಲ್ಯಾಂಪಿನ ತುದಿಯಿಂದ ಎಷ್ಟೋ ಸಲ 6–7 ಮಿಲಿಮೀಟರ್ ದೂರದಲ್ಲಿರುತ್ತದೆ. ಅಲ್ಲಿಗೆ ಅರ್ಧದಷ್ಟು ಬೆಳಕೂ ಮುಟ್ಟದ ಲ್ಯಾಂಪುಗಳಿವೆ. ಫಿಲ್ಲಿಂಗ್ ಮೇಲೆ ಕಲ್ಲಿನ ಹಾಗೆ ಗಟ್ಟಿ, ಕೆಳಗೆ ಹಸಿ. ಆರು ತಿಂಗಳಿಗೆ ಸಂದಿಯಲ್ಲಿ ಹುಳುಕು ಬಂದಾಗ ಬೈಗುಳ ತಿನ್ನುವುದು ಮಾತ್ರ ಕಾಂಪೋಸಿಟ್ ಕಂಪನಿ.

ಬಾಯೊಳಗೆ ಹಿಡಿದು ಹಲ್ಲಿನ ಡಿಜಿಟಲ್ ಅಚ್ಚು ತೆಗೆಯುವ ಸ್ಕ್ಯಾನರ್ ಡೆಮೋ ಯಾವಾಗಲೂ ಪ್ಲಾಸ್ಟಿಕ್ ದವಡೆಯ ಮೇಲೆ ನಡೆಯುತ್ತದೆ. ಅದಕ್ಕೆ ಜೊಲ್ಲಿಲ್ಲ, ನಾಲಿಗೆ ಇಲ್ಲ, ಕೆನ್ನೆಯೂ ಇಲ್ಲ. ನಿಮ್ಮ ಬಾಯಲ್ಲೇ ಮೇಲಿನ ಎರಡನೇ ಮೋಲಾರ್‌ನ ಹಿಂಬದಿ ಸ್ಕ್ಯಾನ್ ಮಾಡಿ ತೋರಿಸಿ ಅನ್ನಿ. ಟಿಪ್ ದಪ್ಪವಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎಸ್‌ಟಿಎಲ್ ಫೈಲ್ (ಆ ಅಚ್ಚಿನ 3ಡಿ ಫೈಲ್) ಯಾವ ಲ್ಯಾಬಿಗಾದರೂ ಕಳಿಸಬಹುದೋ, ವರ್ಷದ ಸಬ್‌ಸ್ಕ್ರಿಪ್ಷನ್ ಕಟ್ಟದಿದ್ದರೆ ಮಷೀನು ನಿಂತುಹೋಗುತ್ತದೋ, ಟಿಪ್ ಎಷ್ಟು ಸಲ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ತಡೆಯುತ್ತದೆ, ರಿಪೇರಿಗೆ ಹೋದಾಗ ಬದಲಿ ಮಷೀನು ಕೊಡುತ್ತಾರೋ, ಇವಕ್ಕೆಲ್ಲ ಉತ್ತರ ಕೊಟೇಷನ್ ಹಾಳೆಯ ಮೇಲೇ ಬರೆಸಿಕೊಳ್ಳಿ. ಸೇಲ್ಸ್‌ನವರ ಬಾಯಿಮಾತು ಹಾಲ್ ಬಾಗಿಲು ದಾಟುವುದಿಲ್ಲ.

ಆಟೋಕ್ಲೇವ್ ಸ್ಟಾಲಿನಲ್ಲಿ 134 ಡಿಗ್ರಿ, ಮೂರೂವರೆ ನಿಮಿಷ ಅನ್ನುತ್ತಾರೆ. ಉಪಕರಣ ಹಾಕಿ ಸೀಲ್ ಮಾಡಿದ ಪೌಚ್ ಒಣಗಿ ಕೈಗೆ ಬರಲು ಒಟ್ಟು ಎಷ್ಟು ಹೊತ್ತು, ಅದನ್ನು ಕೇಳಿ. ಮುಕ್ಕಾಲು ಗಂಟೆ ಅಂದರೆ ಮೂರೇ ಹ್ಯಾಂಡ್‌ಪೀಸ್ (ಹಲ್ಲು ಕೊರೆಯುವ ಡ್ರಿಲ್) ಇರುವ ಕ್ಲಿನಿಕ್ಕಿಗೆ ಸಾಯಂಕಾಲದ ರಶ್ಶಿನಲ್ಲಿ ಅದು ಸಾಲದು, ಆಗ ಒದ್ದೆ ಪೌಚನ್ನೇ ಹರಿಯುವ ಚಟ ಶುರುವಾಗುತ್ತದೆ. ಒದ್ದೆ ಕಾಗದದ ಮೂಲಕ ಕ್ರಿಮಿ ಒಳಗೆ ಹೋಗುತ್ತದೆ, ಆಟೋಕ್ಲೇವ್ ಮಾಡಿದ್ದೂ ವ್ಯರ್ಥ. ಹ್ಯಾಂಡ್‌ಪೀಸಿನಂಥ ಟೊಳ್ಳು ಉಪಕರಣಕ್ಕೆ ಕ್ಲಾಸ್ ಬಿ (ಮೊದಲು ಒಳಗಿನ ಗಾಳಿ ಎಳೆದು ಹಬೆ ತುಂಬುವ ಬಗೆ) ಬೇಕು, ಹಬೆ ಟೊಳ್ಳಿನೊಳಗೆ ಹೋಯಿತೋ ಅಂತ ತೋರಿಸುವ ಹೀಲಿಕ್ಸ್ ಟೆಸ್ಟ್ ಕಿಟ್ ಜೊತೆಗೇ ಬರುತ್ತದೋ ನೋಡಿ. ಬೋರ್‌ವೆಲ್ ನೀರು ಹಾಕಿದರೆ ವಾರಂಟಿ ಹೋಯಿತು, ಹೀಟರೂ ಹೋಯಿತು. ಡಿಸ್ಟಿಲ್ಡ್ ನೀರಿನ ಖರ್ಚನ್ನೂ ಬೆಲೆಗೆ ಕೂಡಿಸಿ.

"ಐದು ಕೊಂಡರೆ ಎರಡು ಫ್ರೀ" ಸಿರಿಂಜಿನ ಮೇಲೆ ಎಕ್ಸ್‌ಪೈರಿ ತಿಂಗಳು ಓದದೆ ಯುಪಿಐ ಸ್ಕ್ಯಾನ್ ಮಾಡಬೇಡಿ. ಏಳರಲ್ಲಿ ನಾಲ್ಕು ಎ2 (ಹೆಚ್ಚು ಬಳಕೆಯಾಗುವ ಹಲ್ಲಿನ ಶೇಡು), ಉಳಿದವು ಯಾರೂ ಕೇಳದ ಶೇಡು ಇದ್ದರೂ ಆಶ್ಚರ್ಯವಿಲ್ಲ.

ಹ್ಯಾಂಡ್ಸ್-ಆನ್‌ಗೆ (ಕೈಯಾರೆ ಮಾಡಿ ಕಲಿಯುವ ತರಗತಿಗೆ) ಕಿತ್ತ ಹಲ್ಲು ತರಲು ಹೇಳಿದರೆ 121 ಡಿಗ್ರಿಯಲ್ಲಿ 40 ನಿಮಿಷ ಆಟೋಕ್ಲೇವ್ ಮಾಡಿ ಒಯ್ಯಿರಿ. ಅಮಾಲ್ಗಮ್ (ಪಾದರಸ ಬೆರೆತ ಬೆಳ್ಳಿ ಬಣ್ಣದ ಫಿಲ್ಲಿಂಗ್) ಇರುವ ಹಲ್ಲನ್ನು ಮಾತ್ರ ಒಳಗಿಡಬೇಡಿ, ಪಾದರಸದ ಆವಿ ಏಳುತ್ತದೆ. ಅದಕ್ಕೆ 10% ಫಾರ್ಮಲಿನ್‌ನಲ್ಲಿ ಎರಡು ವಾರ ಬೇಕು, ಅಂದರೆ ತಯಾರಿ ಮುಂಚೆಯೇ ಶುರುವಾಗಬೇಕು. ನಿಮ್ಮದೇ ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಳ್ಳಿ. ಬೇರೆಯವರ ಲೂಪ್ಸಿನಲ್ಲಿ ಕಲಿತದ್ದು ಕ್ಲಿನಿಕ್ಕಿನಲ್ಲಿ ಕೈಗೆ ಕೂರುವುದಿಲ್ಲ.

ಪ್ರಶ್ನೋತ್ತರದಲ್ಲಿ ಒಂದೇ ಅವಕಾಶ ಸಿಕ್ಕರೆ ಭಾಷಣಕಾರರನ್ನು ಕೆಟ್ಟ ಕೇಸಿನ ಬಗ್ಗೆ ಕೇಳಿ. ಸ್ಲೈಡಿನ ಮೇಲೆ ಇರುವುದು ಕ್ರೌನ್ ಸಿಮೆಂಟ್ ಮಾಡಿದ ದಿನದ ಫೋಟೋ. ಐದು ವರ್ಷದ ಎಕ್ಸ್‌ರೇ ಇದೆಯಾ ಅಂದರೆ ಹಾಲ್ ಸ್ವಲ್ಪ ನಿಶ್ಶಬ್ದವಾಗುತ್ತದೆ.

ಆಗುವುದಾದರೆ ಅಸಿಸ್ಟೆಂಟನ್ನೂ ಒಂದು ದಿನಕ್ಕೆ ಕರೆದೊಯ್ಯಿರಿ. ಪೌಚ್ ಸೀಲ್ ಮಾಡುವುದು, ಹ್ಯಾಂಡ್‌ಪೀಸಿಗೆ ಎಣ್ಣೆ ಬಿಡುವುದು, ಪೇಷಂಟ್ ಎದ್ದ ಮೇಲೆ 20–30 ಸೆಕೆಂಡ್ ನೀರು ಹರಿಸಿ ಹ್ಯಾಂಡ್‌ಪೀಸಿನ ನೀರಿನ ಲೈನ್ ತೊಳೆಯುವುದು ಅವರ ಕೈಯ ಕೆಲಸ. ವಾಪಸ್ ಬಂದ ಸೋಮವಾರ ಒಂದೇ ಬದಲಾವಣೆ ಸಾಕು: ಲೈಟ್ ಕ್ಯೂರಿನ ಹಿಡಿಗೆ ಬಿಳಿ ಟೇಪ್ ಸುತ್ತಿ, ಮೀಟರಿನ ಅಂಕಿ, ತಾರೀಖು ಬರೆಯಿರಿ. ಮುಂದಿನ ತಿಂಗಳು ಅದರ ಕೆಳಗೆ ಇನ್ನೊಂದು ಅಂಕಿ.