ತರವಾಡು ಮನೆಯ ಮಾಡಿನ ಮೇಲೆ ಸೋಲಾರ್ ಇದ್ದರೆ ಯಾರಿಗೇನು ಕಷ್ಟ?

ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ತರವಾಡು ಮನೆ, ಅಂದರೆ ಕುಟುಂಬದ ಮೂಲಮನೆ, ನಿಮ್ಮಲ್ಲಿ ಹಲವರಿಗೆ ಗೊತ್ತು, ದೈವದ ಕೋಲಕ್ಕೆ ಬಂದು ಚಾವಡಿಯಲ್ಲಿ ಉಂಡವರೇ ನೀವು. ಈ ವರ್ಷ ದೊಡ್ಡಮ್ಮ ಹಂಚಿನ ಮಾಡಿನ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದಾರೆ. ಕೋಲದ ದಿನ ಬೆಂಗಳೂರಿನಿಂದ ಬಂದ ಭಾವ ಕಾರಿನಿಂದ ಇಳಿದವರೇ, "ಛೆ, ಮನೆಯ ಲಕ್ಷಣವೇ ಹೋಯಿತಲ್ಲ, ತೆಗೆಸಿ ಇದನ್ನು" ಅಂದರು. ದೊಡ್ಡಮ್ಮ ಏನೂ ಹೇಳದೆ ಬೆಲ್ಲ-ನೀರು ತರಲು ಒಳಗೆ ಹೋದರು. ನನಗೆ ಮಾತ್ರ ಆ ಸಿಟ್ಟು ಇನ್ನೂ ಇಳಿದಿಲ್ಲ.

ಆ ಮನೆಯಲ್ಲಿ ಇರುವವರು ಯಾರು? ರಾತ್ರಿ ಬಾಗಿಲು ಹಾಕುವವರು, ಸೋರುವಲ್ಲಿ ಪಾತ್ರೆ ಇಡುವವರು, ಕರೆಂಟು ಬಿಲ್ಲು ಕಟ್ಟುವವರು ಯಾರು? ನಮ್ಮ ಕೇರಳದಲ್ಲಿ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಪೂರ್ತಿ ಯೂನಿಟ್‌ಗೂ ಮೇಲಿನ ದರವೇ ಬೀಳುತ್ತದೆ. ಬಾವಿಯ ಪಂಪು, ಫ್ರಿಜ್ಜು, ಗ್ರೈಂಡರು ಇರುವ ಮನೆಗೆ 250 ದಾಟುವುದು ಏನೂ ದೊಡ್ಡದಲ್ಲ. ಮೂರು ಕಿಲೋವ್ಯಾಟಿನಿಂದ ಒಳ್ಳೆ ಬಿಸಿಲಿನ ದಿನ ಹತ್ತು-ಹನ್ನೆರಡು ಯೂನಿಟ್ ಬರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಕಡಿಮೆ, ಒಪ್ಪೋಣ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಒಂಟಿಯಾಗಿ ಮನೆ ನಡೆಸುವ ಹೆಂಗಸು ಇದನ್ನೆಲ್ಲ ವಿಚಾರಿಸಿ ತಿಳಿದು ಮಾಡಿಸಿದ್ದಾರೆ. ನಾವು ಮೆಚ್ಚಬೇಕಿತ್ತು.

"ಹಂಚಿನ ಮಾಡು ನಮ್ಮ ಪರಂಪರೆ" ಅನ್ನುತ್ತೀರಿ. ನನಗೂ ಆ ಮಾಡು ಪ್ರಾಣ. ಆದರೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲೋ ತೆಂಗಿನ ಮಡಲೋ ಹೊದಿಕೆ ಇತ್ತು. ಬೆಂಕಿಯ ಹೆದರಿಕೆ, ವರ್ಷವರ್ಷ ಹೊದೆಸುವ ಕಷ್ಟ ತಪ್ಪಲಿ ಎಂದು ನಮ್ಮ ಹಿರಿಯರು ಕಾರ್ಖಾನೆಯ ಹಂಚು ತಂದರು. ಅವರಿಗಿದ್ದ ಸ್ವಾತಂತ್ರ್ಯ ದೊಡ್ಡಮ್ಮನಿಗೆ ಯಾಕಿಲ್ಲ?

ಎದುರಿನ ಅಂದ ಕೆಡಬಾರದು ಎಂಬುದು ನ್ಯಾಯವಾದ ಮಾತೇ. ಬೇಕಲ ಕೋಟೆಯಂಥ ಸಂರಕ್ಷಿತ ಸ್ಮಾರಕದ ಪಕ್ಕದವರಿಗೆ ಕಾನೂನೂ ಇದೆ: 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಮನೆಗೆ ಅಂಥದ್ದಿಲ್ಲ. ಆದರೂ ದೊಡ್ಡಮ್ಮ ಹೆಬ್ಬಾಗಿಲಿಗೆ ಎದುರಾದ ಮೂಡು ಮಾಡನ್ನು ಮುಟ್ಟಿಸಲಿಲ್ಲ. ತೆಂಕು ಮಾಡಿಗೆ ಹಾಕಿಸಿದರು, ಬಿಸಿಲೂ ಅಲ್ಲೇ ಚೆನ್ನಾಗಿ ಬೀಳುವುದು. ಕಾರು ನಿಲ್ಲಿಸುವ ಜಾಗದಿಂದ ಕಾಣುತ್ತದೆ, ಅಷ್ಟೇ. ಕೆಲಸದ ದಿನ ನಾನು ಅಲ್ಲೇ ಇದ್ದೆ. ಒಂದು ಹಂಚಿಗೂ ತೂತು ಕೊರೆದಿಲ್ಲ. ಹಂಚು ಸರಿಸಿ, ಕೊಕ್ಕೆಯನ್ನು ಮಾಡಿನ ಮರದ ಪಕ್ಕಾಸಿಗೆ ಸ್ಕ್ರೂ ಹಾಕಿ ಬಿಗಿದು, ಹಂಚನ್ನು ಮತ್ತೆ ಅದರದ್ದೇ ಜಾಗದಲ್ಲಿ ಕೂರಿಸಿದರು. ಗೆದ್ದಲು ಹಿಡಿದ ಎರಡು ಪಕ್ಕಾಸು ಕಣ್ಣಿಗೆ ಬಿದ್ದದ್ದೂ ಆಗಲೇ. ನಾಳೆ ಬೇಡ ಅನಿಸಿದರೆ ಬಿಚ್ಚಿ ಇಳಿಸಬಹುದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 500 ವರ್ಷ ಹಳೆಯ ಕಿಂಗ್ಸ್ ಕಾಲೇಜು ಚಾಪೆಲ್‌ನ ಮಾಡಿಗೇ 2023ರಲ್ಲಿ 438 ಪ್ಯಾನಲ್ ಹಾಕಿದ್ದಾರೆ.

"ದನದ ಹಟ್ಟಿಯ ಮೇಲೆ ಹಾಕಬಹುದಿತ್ತು" ಎಂದು ಚಿಕ್ಕಪ್ಪನ ಮಗ ಕುಟುಂಬದ ಗ್ರೂಪಿನಲ್ಲಿ ಬರೆದಿದ್ದಾನೆ. ತಮ್ಮಾ, ಹಟ್ಟಿಯ ಸುತ್ತ ತೆಂಗು. ಒಂದು ಮಡಲಿನ ನೆರಳು ಬಿದ್ದರೂ ಆ ಪ್ಯಾನಲ್ ಸಾಲಿನ ಉತ್ಪಾದನೆಯೇ ಕುಸಿಯುತ್ತದೆ. ದೊಡ್ಡಮ್ಮ ಆ ತೆಂಗು ಕಡಿಸಬೇಕಿತ್ತೇ?

ನಮ್ಮ ಊರಿನಲ್ಲಿ ಹಳೆ ಮನೆಗಳು ಸೋಲಾರ್‌ನಿಂದ ಹಾಳಾದದ್ದನ್ನು ನಾನು ಕಂಡಿಲ್ಲ. ಜನ ಇಲ್ಲದೆ ಹಾಳಾದದ್ದನ್ನು ಕಂಡಿದ್ದೇನೆ. ಹಂಚು ಜಾರಿತು, ನೀರು ಇಳಿಯಿತು, ಮಣ್ಣಿನ ಗೋಡೆ ಕೂತಿತು. ಉಳಿದ ಕೆಲವು ಕಡೆ ಹಂಚು ಇಳಿಸಿ ಶೀಟು ಹೊದೆಸಿದರು, ಆಗ ಲಕ್ಷಣದ ಮಾತು ಯಾರೂ ಎತ್ತಲಿಲ್ಲ. ದೊಡ್ಡಮ್ಮ ಅಲ್ಲಿ ಇದ್ದಾರೆಂದೇ ನಮಗೆ ವರ್ಷಕ್ಕೊಮ್ಮೆ ಹೋಗಿ ಕೂರಲು ಚಾವಡಿ ಉಳಿದಿದೆ. ಅವರ ಕಾಲದ ನಂತರ ಏನೆಂದು ಯೋಚಿಸಿದರೆ ನನಗೆ ನಿದ್ರೆ ಬರುವುದಿಲ್ಲ.

ಮನೆಯ ಲಕ್ಷಣದ ಚಿಂತೆ ನಿಜವಾಗಿ ಇರುವವರು ಕೇಳಿ: ಮಳೆಗೆ ಮೊದಲು ಆ ಎರಡು ಪಕ್ಕಾಸು, ಬಡಗು ಮಾಡಿನಲ್ಲಿ ಹಂಚು ಕೂರುವ ರೀಪು ಬದಲಾಗಬೇಕು. ಆಚಾರಿ ಕೊಟ್ಟ ಲೆಕ್ಕವನ್ನು ಕುಟುಂಬದ ಗ್ರೂಪಿನಲ್ಲಿ ಹಾಕಿದ್ದೇನೆ. ಭಾವನೂ ಸೇರಿ ಎಲ್ಲರೂ ಅದನ್ನು ಓದಿ ಉತ್ತರ ಕೊಡಿ.