ಹತ್ತನೇ ಕ್ಲಾಸಿನ ಗಣಿತ ಪುಸ್ತಕ ರದ್ದಿಗೆ ಹಾಕಬೇಡಿ

ಈ ಸಲ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಾಗ, ಗಂಗಾವತಿಯಿಂದ ಬಳ್ಳಾರಿ ಕಡೆ ಹೋಗುವ ದಾರಿಯ ಕಂಪ್ಲಿ ಸೇತುವೆ ಮತ್ತೆ ಮುಳುಗಿತು. ಜಾಸ್ತಿ ನೀರು ಬಿಟ್ಟಾಗಲೆಲ್ಲ ಇದೇ ಕತೆ, ಗಂಗಾವತಿಯವರಿಗೆ ಹೊಸದೇನಲ್ಲ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ ಭಾನುವಾರಕ್ಕೆಂದು ಊರಿಗೆ ಬಂದವನು ಇಲ್ಲೇ ಸಿಕ್ಕಿಕೊಂಡ. ಹೊಸಪೇಟೆ ಸುತ್ತು ಹಾಕಿ ಹೋಗಬಹುದಿತ್ತು. ಹೋಗಲಿಲ್ಲ. ಬೆಳಗ್ಗೆ ಎದ್ದರೆ ಒಗ್ಗರಣೆ ಮಿರ್ಚಿ, ಮಧ್ಯಾಹ್ನ ನಿದ್ದೆ, ಯಾರಿಗೆ ಬೇಡ?

ಮುಂದಿನ ವಾರ ಇಂಟರ್ನಲ್ಸ್ ಇದೆ ಅಂತ ಅಕ್ಕ ಬೈದ ಮೇಲೆ ಬ್ಯಾಗ್ ತೆಗೆದ. ಒಳಗಿಂದ ಬಂದದ್ದು ಪುಸ್ತಕ ಅಲ್ಲ, ಸ್ಪೈರಲ್ ಬೈಂಡಿಂಗ್ ಮಾಡಿಸಿದ ಜೆರಾಕ್ಸ್ ಕಟ್ಟು.

"ಟೆಕ್ಸ್ಟ್‌ಬುಕ್ ಎಲ್ಲೋ?" ಅಂದೆ.

"ಅದ್ಯಾಕ ಮಾಮಾ, ಇದರಾಗ ಎಲ್ಲಾ ಐತಿ."

ಸುಮ್ನೆ ತಿರುವಿ ಹಾಕಿದೆ. ಬಬಲ್ ಸಾರ್ಟ್ ಪುಟ, ಅಂದರೆ ಪಕ್ಕಪಕ್ಕದ ಸಂಖ್ಯೆ ಹೋಲಿಸಿ ಅದಲುಬದಲು ಮಾಡುತ್ತ ಕ್ರಮಕ್ಕೆ ತರುವ ವಿಧಾನ. ಎಷ್ಟು ಸಲ ಹೋಲಿಸಿ ನೋಡಬೇಕು ಅನ್ನೋದಕ್ಕೆ ಒಂದು ಸೂತ್ರ. ಎನ್ ಇಂಟು ಎನ್ ಮೈನಸ್ ಒಂದು, ಬೈ ಎರಡು ಅಂತಿರಬೇಕು. ಇಲ್ಲಿ ಆ 'ಬೈ'ನ ಓರೆ ಗೆರೆಯೇ ಇಲ್ಲ. ಬರೀ ಎರಡು ಕೂತಿದೆ, ಅಂದರೆ ಗುಣಿಸು ಅಂತ. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸಿನಲ್ಲಿ ಎಲ್ಲೋ ಗೆರೆ ಉದುರಿ ಹೋಗಿದೆ. ಹತ್ತು ಸಂಖ್ಯೆಗೆ 45 ಬರಬೇಕಾದ ಜಾಗದಲ್ಲಿ 180 ಬರುತ್ತದೆ. ಅವನು ಅದನ್ನು ಹಾಗೇ ಬಾಯಿಪಾಠ ಮಾಡಿದ್ದ. ಕ್ಲಾಸಿನಲ್ಲಿ ಎಷ್ಟು ಜನ ಹಾಗೇ ಮಾಡಿದ್ದಾರೋ.

ಬೈಯಲಿಲ್ಲ. ನಾನೂ ಬಳ್ಳಾರಿಯಲ್ಲೇ, ಅಂಥದ್ದೇ ಕಟ್ಟು ಹಿಡಿದು ಓದಿದವನು.

ಮದುವೆ ಕಾರ್ಡೊಂದರ ಹಿಂದೆ ಐದು ಸಂಖ್ಯೆ ಬರೆದು ಕೊಟ್ಟೆ. ಕೈಯಲ್ಲೇ ಸಾರ್ಟ್ ಮಾಡು, ಹೋಲಿಸಿದಾಗಲೆಲ್ಲ ಒಂದು ಗೀಟು ಹಾಕು ಅಂದೆ. ಮೊದಲ ಸುತ್ತಿಗೆ ನಾಲ್ಕು ಗೀಟು. ಆಮೇಲೆ ಮೂರು, ಎರಡು, ಒಂದು. ಒಟ್ಟು ಹತ್ತು. ಆರು ಸಂಖ್ಯೆ ಮಾಡು ಅಂದೆ. ಐದು, ನಾಲ್ಕು, ಮೂರು... ಅಲ್ಲೇ ಪೆನ್ ನಿಂತಿತು.

"ಮಾಮಾ, ಇದು ಸಮಾಂತರ ಶ್ರೇಢಿ ಅಲ್ಲೇನು? ನಮ್ಮ ಹತ್ತನೇತ್ತದಾಗ ಇತ್ತು."

ಹೌದಪ್ಪ, ಅದೇ, ಒಂದೇ ಅಂತರದಲ್ಲಿ ಏರುವ ಇಲ್ಲವೇ ಇಳಿಯುವ ಸಂಖ್ಯೆಗಳ ಸಾಲು. ಹತ್ತನೇತ್ತದ ಗಣಿತದಲ್ಲಿ ಇವನಿಗೆ ತೊಂಬತ್ತರ ಮೇಲೆ ಬಂದಿತ್ತು. ಶ್ರೇಢಿಯ ಮೊತ್ತ ನಿದ್ದೆಯಲ್ಲೂ ಹೇಳುತ್ತಿದ್ದ. ಆದರೆ ಅದನ್ನು ಅವನು ಕನ್ನಡದಲ್ಲಿ ಕಲಿತಿದ್ದ. ಕಾಲೇಜಿನಲ್ಲಿ ಅದೇ ಲೆಕ್ಕ ಇಂಗ್ಲಿಷ್ ಅಂಗಿ ಹಾಕಿಕೊಂಡು ಬಂದಾಗ ಗುರುತು ಸಿಗಲಿಲ್ಲ. ಇದು ನಿನಗೆ ಗೊತ್ತಿರೋದೇ ಕಣೋ ಅಂತ ಯಾರೂ ಹೇಳಲೂ ಇಲ್ಲ.

ನನ್ನ ತಕರಾರು ಇಷ್ಟೇ. ನಮ್ಮ ಕಡೆಯ ಹುಡುಗರು ಕಂಪ್ಯೂಟರ್ ಸೈನ್ಸಿನಲ್ಲಿ ಎಡವಿದರೆ ಎಲ್ಲರೂ ಎರಡೇ ಕಾರಣ ಕೊಡುತ್ತಾರೆ: ಇಂಗ್ಲಿಷ್ ಬರಲ್ಲ, ಗಣಿತ ವೀಕು. ಗಣಿತ ವೀಕು ಅನ್ನೋದು ಬಹಳ ಸಲ ಸುಳ್ಳು. ಗಣಿತ ಇದೆ, ಬೇರೆ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆಯ ಬೀಗ ತೆಗೆಯುವ ಒಂದು ತೆಳು ಪುಸ್ತಕ ನಮ್ಮಲ್ಲಿಲ್ಲ.

ಇನ್ನೊಂದು ನೋಡಿ. ಅವನ ಹಳೇ ಹತ್ತನೇ ಕ್ಲಾಸಿನ ಪುಸ್ತಕ ಅಟ್ಟದ ಮೇಲೆ ಸಿಕ್ಕಿತು. ವಾಸ್ತವ ಸಂಖ್ಯೆಗಳ ಪಾಠದಲ್ಲಿ ಯೂಕ್ಲಿಡನ ಭಾಗಾಕಾರ. ಎರಡು ಸಂಖ್ಯೆಯ ಮ.ಸಾ.ಅ. ತೆಗೆಯೋದು, ಅಂದರೆ ಎರಡನ್ನೂ ಶೇಷ ಉಳಿಯದಂತೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. 252, 198 ತಗೊಳ್ಳಿ. 252ನ್ನು 198ರಿಂದ ಭಾಗಿಸಿದರೆ 54 ಉಳಿಯುತ್ತದೆ. 198ನ್ನು 54ರಿಂದ ಭಾಗಿಸಿದರೆ 36. 54ನ್ನು 36ರಿಂದ ಭಾಗಿಸಿದರೆ 18. 36ನ್ನು 18ರಿಂದ ಭಾಗಿಸಿದರೆ ಏನೂ ಉಳಿಯಲ್ಲ. ಮುಗೀತು, ಉತ್ತರ 18. ಸರ್ಕಾರಿ ಹೈಸ್ಕೂಲಿನ ಹುಡುಗ ಇದನ್ನು ಎರಡು ನಿಮಿಷದಲ್ಲಿ ಮಾಡುತ್ತಾನೆ. ಈಗ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ತೆಗೆಯಿರಿ. ಮೊದಲ ಸಂಪುಟ ಬಂದದ್ದು 1968ರಲ್ಲಿ. ಹೆಸರು ಕೇಳಿದರೇ ಎಂಥೆಂಥವರೂ ಬೆವರುವ ಪುಸ್ತಕ. ಅದರಲ್ಲಿ ಬರುವ ಮೊದಲನೇ ಆಲ್ಗಾರಿದಮ್, ಅಂದರೆ ಹಂತಹಂತವಾಗಿ ಲೆಕ್ಕ ಬಿಡಿಸುವ ವಿಧಾನ, ಯಾವುದು ಗೊತ್ತಾ? ಇದೇ ಯೂಕ್ಲಿಡನದ್ದು. ಇದನ್ನು ಹೇಳಿದಾಗ ನಮ್ಮ ಹುಡುಗ ನಂಬಲಿಲ್ಲ, ಫೋನಿನಲ್ಲಿ ಹುಡುಕಿ ನೋಡಿದ.

ಮಷಿನ್ ಲರ್ನಿಂಗ್, ಅಂದರೆ ಉದಾಹರಣೆ ನೋಡಿ ಕಂಪ್ಯೂಟರ್ ಕಲಿಯೋದು, ಈಗ ಎಲ್ಲರ ಬಾಯಲ್ಲೂ ಇದೆಯಲ್ವಾ? ಹತ್ತಿರದ ಬಿಂದು ಯಾವುದು ಅಂತ ಹುಡುಕುವ ವಿಧಾನ ಅಲ್ಲಿ ಮೊದಮೊದಲೇ ಬರುತ್ತದೆ. ಅದರೊಳಗೆ ಕೂತಿರುವುದು ನಿರ್ದೇಶಾಂಕ ರೇಖಾಗಣಿತದ ದೂರ ಸೂತ್ರ. ಸಂಭವನೀಯತೆಯ ಪಾಠವೂ ಅಷ್ಟೇ.

ಕನೂತ್ ಅವರ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಅವರು ಕೊಡುವ ಬಹುಮಾನ 2 ಡಾಲರ್ 56 ಸೆಂಟ್. 256 ಯಾಕೆ ಅಂದರೆ ಅದು ಹದಿನಾರರ ವರ್ಗ, ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ (ಹತ್ತರ ಬದಲು ಹದಿನಾರರ ಮೇಲೆ ಎಣಿಸೋದು) ಒಂದು ಡಾಲರ್ ಅಂತ ಅವರ ತಮಾಷೆ. ನಮ್ಮ ಜೆರಾಕ್ಸ್ ಕಟ್ಟಿನಲ್ಲಿ ತಪ್ಪು ಹುಡುಕಿದರೆ ಯಾರಿಗೆ ಹೇಳೋದು? ಬರೆದವರು ಯಾರು ಅಂತಲೇ ಗೊತ್ತಿಲ್ಲ. ಪುಸ್ತಕದಲ್ಲಿ ಆವೃತ್ತಿಯಿಂದ ಆವೃತ್ತಿಗೆ ತಪ್ಪು ಕಡಿಮೆಯಾಗುತ್ತದೆ, ಜೆರಾಕ್ಸಿನಲ್ಲಿ ಪ್ರತಿಯಿಂದ ಪ್ರತಿಗೆ ಜಾಸ್ತಿಯಾಗುತ್ತದೆ.

ಹಾಗಂತ ದಪ್ಪ ಪುಸ್ತಕ ಕೊಂಡರೆ ವಿದ್ಯೆ ಬರಲ್ಲ. ಅದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಸೆಕೆಂಡ್ ಇಯರಿನಲ್ಲಿ ಹುಮ್ಮಸ್ಸು ಬಂದು, ಅಪ್ಪ ಭತ್ತ ಮಾರಿ ಕಳಿಸಿದ ದುಡ್ಡಿನಲ್ಲಿ, ಕಾರ್ಮೆನ್ ಮತ್ತು ಜೊತೆಗಾರರ 'ಇಂಟ್ರೊಡಕ್ಷನ್ ಟು ಆಲ್ಗಾರಿದಮ್ಸ್' ತಂದೆ. 1990ರಲ್ಲಿ ಮೊದಲು ಬಂದ ಪುಸ್ತಕ, ಈಗಿನ ಆವೃತ್ತಿಗಳು ಸುಮಾರು 1300 ಪುಟ. ಒಳ್ಳೇ ಪುಸ್ತಕ, ಎರಡು ಮಾತಿಲ್ಲ. ನಾನು ದಾಟಿದ್ದು ಮೂರು ಅಧ್ಯಾಯ. ಆಮೇಲೆ ಅದು ಹಾಸ್ಟೆಲಿನಲ್ಲಿ ಟೇಬಲ್ ಫ್ಯಾನಿನ ಕೆಳಗೆ ಎತ್ತರಕ್ಕೆ ಇಡೋಕೆ ಬಂತು. ಬಳ್ಳಾರಿಯ ಏಪ್ರಿಲ್ ಕಂಡವರಿಗೆ ಅದೂ ಸಣ್ಣ ಉಪಯೋಗ ಅಲ್ಲ ಅಂತ ಗೊತ್ತು.

ಅರ್ಧರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್ ಲೆಕ್ಕದಲ್ಲಿ ಲಾಗ್ (ಲಾಗರಿದಮ್) ಯಾಕೆ ಬಂತು ಸರ್ ಅಂತ ಒಮ್ಮೆ ಕ್ಲಾಸಿನಲ್ಲಿ ಕೇಳಿದ್ದೆ. "ಪರೀಕ್ಷೆಗೆ ಅಷ್ಟು ಬೇಡ, ಬರ್ಕೋ" ಅಂದರು. ಕಾಲೇಜು ಯಾವುದು, ಸರ್ ಯಾರು ಅನ್ನೋದು ಬೇಡ ಬಿಡಿ, ಅವರಿಗೂ ಸಿಲಬಸ್ ಮುಗಿಸುವ ಗಡಿಬಿಡಿ. ಒಂದು ಸಾವಿರ ಪುಟದ ಪುಸ್ತಕವನ್ನು ನಡುವೆ ತೆರೆದು, ಬೇಕಿಲ್ಲದ ಅರ್ಧ ಬಿಟ್ಟು, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ ಹತ್ತು ಸಲದಲ್ಲಿ ಒಂದೇ ಪುಟಕ್ಕೆ ಬರುತ್ತೇವೆ. ಹತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 1024, ಅದಕ್ಕೇ. ಆ ಹತ್ತೇ ಲಾಗ್. ಇಷ್ಟು ಹೇಳಿದ್ದರೆ ಸಾಕಿತ್ತು. ಆ ವರ್ಷ ಡಿಸ್ಕ್ರೀಟ್ ಮ್ಯಾತ್ಸ್ (ಕಂಪ್ಯೂಟರ್ ಓದುವವರಿಗೆ ಬೇಕಾದ ಎಣಿಕೆ, ತರ್ಕದ ಗಣಿತ) ಬ್ಯಾಕ್ ಉಳಿಯಿತು.

ನನ್ನನ್ನು ದಡ ಹತ್ತಿಸಿದ್ದು ಒಂದು ತೆಳು ಪುಸ್ತಕ. ಕರ್ನಿಘನ್ ಮತ್ತು ರಿಚಿ ಬರೆದ, ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕ. ಆ ಭಾಷೆ ಕಟ್ಟಿದ ಡೆನಿಸ್ ರಿಚಿಯೇ ಬರೆದವರಲ್ಲೊಬ್ಬರು. 1978ರದ್ದು, 1988ರಲ್ಲಿ ಎರಡನೇ ಆವೃತ್ತಿ, 272 ಪುಟ. ತೀರಾ ಹೊಸಬರಿಗೆ ಅದು ಕಷ್ಟ, ಒಪ್ಪುತ್ತೇನೆ. ನನಗೆ ಸುಲಭ ಆಗಿದ್ದಕ್ಕೆ ಕಾರಣ ಬೇರೆ. ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ತಗೊಂಡಿದ್ದು ಅದು. ಅಂಚಿನ ತುಂಬ ಪೆನ್ಸಿಲಿನಲ್ಲಿ ಕನ್ನಡ. ಕಂಪ್ಯೂಟರ್ ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರ್ ಪಾಠದ ಪಕ್ಕ ಹೀಗಿತ್ತು: "ಇದು ಮನೆ ಅಲ್ಲ, ಮನೆ ನಂಬರ್. ನಂಬರ್ ಇಟ್ಕೊಂಡು ಮನೆ ಕೆಡವಿದರೆ ಗೋವಿಂದ." ಮೂರು ತಿಂಗಳು ಕ್ಲಾಸಿನಲ್ಲಿ ಅರ್ಥವಾಗದ್ದು ಆ ಎರಡು ಸಾಲಿನಲ್ಲಿ ಆಯಿತು.

ಅಂಚಿನಲ್ಲಿ ಗೀಚುವುದು ಕೆಟ್ಟ ಚಾಳಿ ಅಂತ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಆದರೆ 1989ರಲ್ಲಿ ಬಂದ 'ಕಾಂಕ್ರೀಟ್ ಮ್ಯಾಥಮ್ಯಾಟಿಕ್ಸ್' ಪುಸ್ತಕದಲ್ಲಿ ವಿದ್ಯಾರ್ಥಿಗಳು ಗೀಚಿದ ಮಾತುಗಳನ್ನು, ಗೊಣಗಾಟವನ್ನೂ ಸೇರಿಸಿ, ಅಂಚಿನಲ್ಲೇ ಅಚ್ಚು ಹಾಕಿದ್ದಾರೆ. ಬರೆದ ಮೂವರಲ್ಲಿ ಕನೂತ್ ಕೂಡ ಒಬ್ಬರು. ಅಷ್ಟು ದೊಡ್ಡವರಿಗೆ ಅಂಚಿನ ಬೆಲೆ ಗೊತ್ತಿತ್ತು.

ಕನ್ನಡದಲ್ಲೇ ಎಂಜಿನಿಯರಿಂಗ್ ಪುಸ್ತಕ ತಂದರೆ ಸರಿಹೋಗುತ್ತದಲ್ವಾ ಅಂತ ಕೇಳಬಹುದು. 2021ರಲ್ಲಿ ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ, ಕನ್ನಡವೂ ಸೇರಿ ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು, ಅನುವಾದಗಳೂ ಬಂದವು. ಒಳ್ಳೆಯದೇ. ಕನ್ನಡದಲ್ಲಿ ಗಣಿತ ಬರೆಯೋಕೆ ಆಗಲ್ಲ ಅನ್ನುವವರಿಗೆ ರಾಜಾದಿತ್ಯನ ಹೆಸರು ಹೇಳಿದರೆ ಸಾಕು. 12ನೇ ಶತಮಾನದಲ್ಲೇ 'ವ್ಯವಹಾರಗಣಿತ' ಬರೆದವನು. ಆದರೆ ಲೂಪ್, ಅರೇ ಥರದ ಪ್ರೋಗ್ರಾಮಿಂಗ್ ಪದಗಳಿಗೆ ಎಲ್ಲೂ ಕೇಳದ ಸಂಸ್ಕೃತ ಪದ ಹುಡುಕಿ ಕೂರಿಸಿದರೆ ಹುಡುಗ ಮೂರನೇ ಭಾಷೆ ಕಲಿಯಬೇಕಾಗುತ್ತದೆ. ಲೂಪ್ ಲೂಪೇ ಇರಲಿ. ನನಗೆ ಬೇಕಿರುವುದು ನೂರೇ ಪುಟದ ಒಂದು ಪುಸ್ತಕ. ಎಡಕ್ಕೆ ಹತ್ತನೇತ್ತದ ಕನ್ನಡ ಪಾಠ, ಬಲಕ್ಕೆ ಅದೇ ವಿಷಯ ಕಾಲೇಜಿನಲ್ಲಿ ಯಾವ ಹೆಸರಲ್ಲಿ ಬರುತ್ತದೆ ಅಂತ.

ಅದು ಬರೋತನಕ ಒಂದು ಕೆಲಸ ಮಾಡಬಹುದು. ವಿಷಯಕ್ಕೆ ಒಂದೇ ಇಂಗ್ಲಿಷ್ ಪುಸ್ತಕ, ಹಳೇ ಆವೃತ್ತಿಯಾದರೂ ಸರಿ, ಸಿಲಬಸ್ ಸ್ಕೀಮ್ ಬದಲಾದರೂ ಯೂಕ್ಲಿಡ್ ಬದಲಾಗಲ್ಲ. ಪಕ್ಕದಲ್ಲಿ ಹೈಸ್ಕೂಲಿನ ಕನ್ನಡ ಗಣಿತ ಪುಸ್ತಕ. ಕಳೆದುಹೋಗಿದ್ದರೆ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ.

ನಾಲ್ಕನೇ ದಿನ ನೀರು ಇಳಿಯಿತು. ನಮ್ಮ ಹುಡುಗ ಹೋಗುವಾಗ ಜೆರಾಕ್ಸ್ ಕಟ್ಟನ್ನೂ ತಗೊಂಡ, ಪರೀಕ್ಷೆ ಇದೆಯಲ್ಲ. ಆದರೆ ಉದುರಿದ ಗೆರೆಯನ್ನು ಪೆನ್ನಿನಲ್ಲಿ ಎಳೆದು, ಪಕ್ಕದಲ್ಲಿ "ಸಮಾಂತರ ಶ್ರೇಢಿ" ಅಂತ ಬರೆದಿದ್ದ. ಅಟ್ಟದ ಮೇಲಿನ ಪುಸ್ತಕವೂ ಬ್ಯಾಗಿಗೆ ಹೋಯಿತು.

ಈಗ ಅವನಿಗೆ ಡಿಸ್ಕ್ರೀಟ್ ಮ್ಯಾತ್ಸಿನ ಹಳೇ ಪುಸ್ತಕ ಒಂದು ಬೇಕು. ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ. ಗೀಚಿದ್ದರೆ ಇನ್ನೂ ಒಳ್ಳೇದು.